ಎತ್ತಿಗೊಂದು ಗೊಟ್ಟ, ಬೀಗರಿಗೊಂದು ಗೊಟ್ಟ

ಡಾಕ್ಟರ ತಾತ್ಯಾಸಾಹೇಬರು ಮೊಮ್ಮಗನ ಮುಂಜಿವೆಗೆಂದು ರಜೆ ಹಾಕಿ ಸಾಂಗ್ಲಿಗೆ ಹೋದದ್ದರಲ್ಲಿ ಯಾರ ತಪ್ಪೂ ಇಲ್ಲ. ಹೋಗುವಾಗ ತಮ್ಮ ಚರ್ಮದ ಬ್ಯಾಗನ್ನು ಮಿರಜಿನ ದನದ ದವಾಖಾನೆಯ ಮೇಜಿನ ಮೇಲೆಯೇ ಮರೆತು ಹೋದರು. ಮುಂದಿನ ಅನರ್ಥಕ್ಕೆಲ್ಲ ಅದೇ ಮೂಲ. ದೊಡ್ಡ ದೊಡ್ಡ ಸಂಸ್ಥಾನಗಳು ಮುಳುಗಿದ್ದು ಇಂಥ ಸಣ್ಣ ಮರೆವುಗಳಿಂದಲೇ ಎಂದು ಬಲ್ಲವರು ಹೇಳುತ್ತಾರೆ. ಇಲ್ಲಿ ಮುಳುಗಿದ್ದು ತಮ್ಮಣ್ಣನ ಹೊಟ್ಟೆ ಮಾತ್ರ.

ಆ ದವಾಖಾನೆಯಲ್ಲಿ ತಮ್ಮಣ್ಣನ ಕೆಲಸ ಗೊಟ್ಟ ಹಿಡಿಯುವುದು. ಗೊಟ್ಟವೆಂದರೆ ದನದ ಗಂಟಲಿಗೆ ಔಷಧ ಹೊಯ್ಯುವ ಬಿದಿರಿನ ಕೊಳವೆ. ಡಾಕ್ಟರರು ಕುರ್ಚಿಯಲ್ಲಿ ಕೂತು ಇಂಥದ್ದು ಇಷ್ಟು ಎಂದು ಹೇಳುವರು, ಕಂಪೌಂಡರ ಕಲಸುವನು, ತಮ್ಮಣ್ಣ ಎತ್ತಿನ ಮೂಗುದಾರ ಮೇಲೆತ್ತಿ ಗೊಟ್ಟವನ್ನು ದವಡೆಯ ಸಂದಿಗೆ ತೂರಿಸುವನು. ಹೊಯ್ದದ್ದರಲ್ಲಿ ಅರ್ಧ ಎತ್ತಿನ ಹೊಟ್ಟೆಗೆ, ಅರ್ಧ ತಮ್ಮಣ್ಣನ ಅಂಗಿಗೆ. ಇಷ್ಟು ವರ್ಷ ಔಷಧವನ್ನು ಮೈಮೇಲೆ ಸುರಿದುಕೊಂಡ ಮೇಲೆ ವಿದ್ಯೆಯೂ ಒಂದಿಷ್ಟು ಚರ್ಮದೊಳಗೆ ಇಳಿದಿರಲೇಬೇಕು ಎಂಬುದು ಅವನ ನಂಬಿಕೆಯಾಗಿತ್ತು. ಹೆಂಡತಿಯ ನಂಬಿಕೆ ಇನ್ನೂ ದೊಡ್ಡದು. ಬೇಡಗದಲ್ಲಿ ಕುರಿ ಕಾಯುವ ಮನೆಯಲ್ಲಿದ್ದಾಗ ಆಕೆ ಸುಂದ್ರವ್ವ. ಮಿರಜಿಗೆ ಬಂದು ನಳದ ನೀರು ಕುಡಿದ ಮೇಲೆ ಸುಂದರಾಬಾಯಿ ಆಗಿದ್ದಳು.

ಮಗಳು ಕುಂದಾಳಿಗೆ ಎರಡು ಸಂಬಂಧಗಳು ಬಂದು ಮುರಿದಿದ್ದವು. ಹುಡುಗಿಯ ಅಪ್ಪ ದವಾಖಾನೆಯಲ್ಲಿದ್ದಾನೆ ಎಂದಾಗ ಕುರ್ಚಿಯ ತುದಿಗೆ ಬಂದು ಕೂತ ಬೀಗರು, ಗೊಟ್ಟ ಹಿಡಿಯುತ್ತಾನೆ ಎಂದ ಕೂಡಲೇ ಚಪ್ಪಲಿ ಹುಡುಕಿದರು. ಮೂರನೆಯದು ಸಲಗರೆಯ ಜ್ಯೋತೆಪ್ಪನ ಮಗ ಯಲ್ಲಪ್ಪನದು. ಹೊಲ, ಕುರಿ, ಎತ್ತು ಎಲ್ಲ ಉಂಟು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗ ಬಂದು ನೋಡಿ ಹೋದ ದಿನದಿಂದ ಕುಂದಾ ಜೋಳದ ಭಾಕರಿ ಸುಡತೊಡಗಿದ್ದಳು. ಮನೆಯವರು ಕರಕಲು ಭಾಕರಿ ತಿನ್ನುತ್ತ ವಿಷಯ ಅರ್ಥಮಾಡಿಕೊಂಡಿದ್ದರು. ಈ ಸಲ ಸುಂದರಾಬಾಯಿ ಮಧ್ಯಸ್ಥನಿಗೆ, ಮನೆಯವರು ದವಾಖಾನೆಯಲ್ಲಿ ದೊಡ್ಡ ಜಾಗದಲ್ಲಿದ್ದಾರೆ ಎಂದಷ್ಟೇ ಹೇಳಿದ್ದಳು. ಅದು ಸುಳ್ಳಲ್ಲ. ತಮ್ಮಣ್ಣ ನಿಲ್ಲುವ ಕೊಟ್ಟಿಗೆ ಡಾಕ್ಟರರ ಕೋಣೆಗಿಂತ ನಾಲ್ಕು ಪಟ್ಟು ದೊಡ್ಡದು. ಆದರೆ ಮಾತು ಮಾಲಗಾಂವ ದಾಟುವಾಗ ತಮ್ಮಣ್ಣ ಕಂಪೌಂಡರನಾದ, ಬೇಡಗ ದಾಟುವಾಗ ಡಾಕ್ಟರನಾದ, ಸಲಗರೆ ಮುಟ್ಟುವ ಹೊತ್ತಿಗೆ ಅರಮನೆಯ ಕುದುರೆಗಳು ಅವನ ಕೈಯಿಂದಲ್ಲದೆ ಔಷಧವನ್ನೇ ಕುಡಿಯುತ್ತಿರಲಿಲ್ಲ.

ಗಂಡಿನ ಮನೆ ನೋಡಿ, ಒಪ್ಪಿಗೆಯ ಗುರುತಾಗಿ ಕೊಡುವ ಸಕ್ಕರೆ ಪೊಟ್ಟಣ, ಸಕ್ಕರೆ ಪುಡಾ, ಇಸಿದುಕೊಂಡು ಬರಲು ತಮ್ಮಣ್ಣ ಹೊರಟು ನಿಂತಾಗ ಸುಂದರಾಬಾಯಿ ಅವನ ಬರಿಗೈ ನೋಡಿದಳು.

"ಸಾಹೇಬರ ಬ್ಯಾಗ ತಗೊಂಡ ಹೋಗ್ರಿ. ಬರೇ ಕೈಲೆ ಹೋದ್ರ ಡಾಕ್ಟರ ಅಂತ ಯಾರ ನಂಬತಾರ?"

"ನಾ ಡಾಕ್ಟರ ಅಂತ ಹೇಳಿದವರ ಯಾರ?"

"ನಾ ಅಂತೂ ಹೇಳಿಲ್ಲ. ಮಂದಿ ಹೇಳ್ಯಾರ. ಮಂದಿ ಮಾತ ಸುಳ್ಳ ಮಾಡಬಾರದು."

ಕುಂದಾ ಬಾಗಿಲ ಮರೆಯಿಂದ, "ಅಪ್ಪಾ, ಏನರ ಆಗಲಿ, ಈ ಸಲ ಕೆಡಿಸಿಕೊಂಡ ಬರಬ್ಯಾಡ," ಎಂದಳು. ತಮ್ಮಣ್ಣ ದವಾಖಾನೆಯ ಕಡೆ ಹೊರಳಿದ. ಮೇಜಿನ ಮೇಲಿನ ಬ್ಯಾಗು ತೆಗೆದುಕೊಂಡ. ಪಂಢರಪುರದ ಕಡೆ ಹೋಗುವ ಸಣ್ಣ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸಲಗರೆ ಬರುವವರೆಗೂ ಯಾರ ಕಡೆಗೂ ನೋಡದೆ ಡಾಕ್ಟರನ ಮುಖ ಮಾಡಿಕೊಂಡು ಕೂತ.

ಜ್ಯೋತೆಪ್ಪನ ಮನೆಯಲ್ಲಿ ಕಾಲಿಗೆ ನೀರು ಕೊಟ್ಟರು, ಬೆಲ್ಲ ನೀರು ಕೊಟ್ಟರು, ಕಂಬಳಿ ಹಾಸಿ ಕೂರಿಸಿದರು. ಜ್ಯೋತೆಪ್ಪ ಕಡಿಮೆ ಮಾತಿನ ಮನುಷ್ಯ. ಮನೆಯಲ್ಲಿ ಮಾತಾಡುವವಳು ಅವನ ತಾಯಿ ಮಾಯವ್ವ. ಆಕೆ ಮಾತಾಡಿ ಉಳಿದದ್ದನ್ನು ಉಳಿದವರು ಆಡಬೇಕು. ಗೋಡೆಯ ಗೂಡಿನಲ್ಲಿ ಕೆಂಪು ಕಾಗದದ ಸಕ್ಕರೆ ಪುಡಾ ತಯಾರಾಗಿ ಕೂತಿತ್ತು. ತಮ್ಮಣ್ಣನ ಕಣ್ಣು ಅದರ ಮೇಲೆಯೇ ಇತ್ತು. ಮಾಯವ್ವನ ಕಣ್ಣು ಬ್ಯಾಗಿನ ಮೇಲಿತ್ತು.

"ದೇವರಂಗ ಹೊತ್ತಿಗೆ ಸರಿಯಾಗಿ ಬಂದ್ರಿ ಡಾಕ್ಟರ," ಎಂದಳು. "ನಮ್ಮ ಸರದಾರ ಮೊನ್ನಿಯಿಂದ ಸೆಗಣಿ ಹಾಕಿಲ್ಲ, ಮೆಲಕ ಹಾಕಿಲ್ಲ. ಮೊದಲ ಅವನ್ನ ನೋಡ್ರಿ. ಸಕ್ರಿ ಎಲ್ಲಿ ಹೋಗ್ತದ?"

ಸರದಾರನೆಂದರೆ ಜ್ಯೋತೆಪ್ಪನ ಬಿಳಿ ಎತ್ತು. ಕೊಟ್ಟಿಗೆಯಲ್ಲಿ ಕಿವಿ ಜೋಲು ಬಿಟ್ಟುಕೊಂಡು, ಸಾಲ ಕೇಳಲು ಬಂದವನನ್ನು ನೋಡುವ ಸಾಹುಕಾರನ ಹಾಗೆ ತಮ್ಮಣ್ಣನನ್ನು ನೋಡಿತು.

"ನಾ ಇವತ್ತ ರಜಾದ ಮ್ಯಾಲ ಅದೀನ್ರಿ," ಎಂದ ತಮ್ಮಣ್ಣ.

"ಎತ್ತೂ ರಜಾದ ಮ್ಯಾಲ ಅದ ನೋಡ್ರಿ. ಅದಕ್ಕ ಹೇಳಾಕತ್ತೇನಿ," ಎಂದಳು ಮಾಯವ್ವ.

ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ತಮ್ಮಣ್ಣ ಬ್ಯಾಗು ಬಿಚ್ಚಿದ. ಕಟ್ಟಿದ ಹೊಟ್ಟೆಗೆ ಡಾಕ್ಟರರು ಜುಲಾಬಿನ ಉಪ್ಪನ್ನು ಬಿಸಿನೀರಲ್ಲಿ ಕರಗಿಸಿ, ಸುಂಠಿ ಬೆಲ್ಲ ಕೂಡಿಸಿ ಕುಡಿಸುತ್ತಿದ್ದುದು ಅವನಿಗೆ ನೆನಪಿತ್ತು. ಎತ್ತಿಗೆ ಒಂದು ರತ್ತಲು ತೂಕದ ಉಪ್ಪು. ಬ್ಯಾಗಿನಲ್ಲಿದ್ದ ಡಬ್ಬಿಯನ್ನು ಪೂರ್ತಿ ಸುರಿದು ನಾಲ್ಕು ಗೊಟ್ಟದಷ್ಟು ಕಲಸಿದ. ಕೈ ತಾನಾಗಿ ಎತ್ತಿನ ಮೂಗುದಾರಕ್ಕೆ ಹೋಯಿತು. ಅಷ್ಟರಲ್ಲಿ ಮಾಯವ್ವ ಅಡ್ಡ ನಿಂತಳು.

"ತಡೀರಿ. ನಮ್ಮ ಮನ್ಯಾಗ ಒಂದು ಪದ್ಧತಿ ಅದ. ನಮ್ಮ ಮಾಲಕರ, ಜ್ಯೋತೆಪ್ಪನ ಅಪ್ಪ, ಇದ್ದಾಗ ಒಬ್ಬ ಜಡಿಬೂಟಿಯವ ಬಂದು ಎತ್ತಿಗೆ ಏನೋ ಕುಡಿಸಿ ಹೋದ. ಸಂಜೀಕ ಎತ್ತ ಸತ್ತು ಬಿತ್ತು. ಅವತ್ತಿನಿಂದ, ಗೊಟ್ಟ ಹಿಡಿದಾವ ಮೊದಲ ತಾ ಕುಡೀಬೇಕು. ಆಮ್ಯಾಲ ದನ."

ತಮ್ಮಣ್ಣ ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ.

"ಬೆರಳ ನೆಕ್ಕಿದ್ರ ಯಾರಿಗೆ ಏನ ತಿಳೀತದರಿ? ಎತ್ತಿಗೆ ಗೊಟ್ಟ ಅಂದ್ರ ನಿಮಗೂ ಗೊಟ್ಟ."

ಅಷ್ಟು ಉಪ್ಪಿನಲ್ಲಿ ಒಂದು ಮದುವೆಯ ಪಂಗ್ತಿಯನ್ನೇ ತಂಬಿಗೆ ಹಿಡಿದು ಓಡಿಸಬಹುದೆಂದು ತಮ್ಮಣ್ಣನಿಗೆ ಗೊತ್ತಿತ್ತು. ಗೂಡಿನಲ್ಲಿದ್ದ ಸಕ್ಕರೆ ಪುಡಾದ ಕಡೆ ನೋಡಿದ. ಮನೆಯಲ್ಲಿ ಸುಡುತ್ತಿರುವ ಭಾಕರಿಗಳ ನೆನಪಾಯಿತು. ಕಣ್ಣು ಮುಚ್ಚಿ ಗೊಟ್ಟ ಎತ್ತಿದ. ಬಹಳ ವರ್ಷಗಳಿಂದ ಎತ್ತುಗಳು ತಲೆ ಯಾಕೆ ಹಾಗೆ ಜಾಡಿಸುತ್ತಿದ್ದವು ಎಂಬುದು ಅವನಿಗೆ ಆ ಕ್ಷಣ ತಿಳಿಯಿತು. ಜ್ಯೋತೆಪ್ಪ ಅವನನ್ನೇ ನೋಡುತ್ತ ನಿಂತಿದ್ದ. ಆಮೇಲೆ ಉಳಿದದ್ದನ್ನು ಸರದಾರನಿಗೆ ಹೊಯ್ದರು. ಎತ್ತು, ತಮ್ಮಣ್ಣ ಇಬ್ಬರೂ ಸೀನಿ, ಒಬ್ಬರನ್ನೊಬ್ಬರು ನೋಡುತ್ತ ನಿಂತರು.

ಡಾಕ್ಟರ ತಾನೇ ಕುಡಿದು ಎತ್ತಿಗೆ ಕುಡಿಸುತ್ತಾನಂತೆ ಎಂಬ ಸುದ್ದಿ ಊರೊಳಗೆ ಹೋಗಲು ಎಷ್ಟು ಹೊತ್ತು? ಓಣಿಯ ಸಾವಂತ್ರವ್ವ ತನ್ನ ಎಮ್ಮೆಯನ್ನು ಎಳೆದುಕೊಂಡು ಬಂದಳು. ಹಸಿ ಕಡಲೆ ಗಿಡ ಮೇದು ಎಮ್ಮೆ ನಗಾರಿಯಂತೆ ಉಬ್ಬಿತ್ತು, ಉಸಿರಾಡಲು ಒದ್ದಾಡುತ್ತಿತ್ತು.

ಉಬ್ಬರಕ್ಕೆ ಅಗಸೆ ಎಣ್ಣೆಯಲ್ಲಿ ಟರ್ಪೆಂಟೈನು. ಅದೂ ತಮ್ಮಣ್ಣನಿಗೆ ನೆನಪಿತ್ತು, ಯಾಕೆಂದರೆ ಅದು ಅಂಗಿಯ ಮೇಲೆ ಬಿದ್ದ ದಿನ ಸುಂದರಾಬಾಯಿ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಲಸಿ ಮುಗಿಸುವುದರೊಳಗೆ ಸಾವಂತ್ರವ್ವ ಕೈಕಟ್ಟಿ ನಿಂತಳು.

"ಮಾಯವ್ವಗೊಂದು ನ್ಯಾಯ, ನನಗೊಂದು ನ್ಯಾಯ ಬ್ಯಾಡರಿ. ಅವರ ಎತ್ತಿನ ಔಷಧ ಕುಡಿದ್ರಿ, ನನ್ನ ಎಮ್ಮೀದು ಯಾಕ ಕುಡಿಯಂಗಿಲ್ಲ? ನಾ ಬಡವಿ ಅಂತನ?"

ತಮ್ಮಣ್ಣ ಅರ್ಧ ಗೊಟ್ಟಕ್ಕೆ ರಾಜಿ ಮಾಡಿಕೊಂಡು ಕುಡಿದ. ಗಂಟಲಿನಿಂದ ಹೊಕ್ಕುಳದವರೆಗೆ ದೀಪ ಹಚ್ಚಿದಂತಾಯಿತು. ಸ್ವಲ್ಪ ಹೊತ್ತಿಗೆ ಎಮ್ಮೆ ಕತ್ತು ಚಾಚಿ ಒಂದು ದೊಡ್ಡ ತೇಗು ತೇಗಿತು. ಹಿಂದೆಯೇ ತಮ್ಮಣ್ಣನೂ ತೇಗಿದ. ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದವರು ಕಡ್ಡಿ ಆರಿಸಿ ದೂರ ಸರಿದು ಕೂತರು. ಎಮ್ಮೆಯ ಹೊಟ್ಟೆ ಇಳಿಯಿತು. ಸಾವಂತ್ರವ್ವ ತಮ್ಮಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವನು ಆಶೀರ್ವಾದ ಮಾಡಲು ಬಾಯಿ ತೆರೆದು ಮತ್ತೊಮ್ಮೆ ತೇಗಿದ.

ಇಲ್ಲಿಗೆ ನಿಂತಿದ್ದರೆ ಸಲಗರೆಯಲ್ಲಿ ಅವನ ಹೆಸರಿನ ಕಟ್ಟೆ ಕಟ್ಟಿಸುತ್ತಿದ್ದರೋ ಏನೋ. ಆದರೆ ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇವನು ತಿಂದ ಉಪ್ಪು ಬೇರೆ ಜಾತಿಯದು. ಅದು ನೀರನ್ನು ಕುಡಿಯಲೂ ಕೇಳಿತು, ಒಯ್ಯಲೂ ಕೇಳಿತು.

"ತಂಬಿಗಿ," ಎಂದ ತಮ್ಮಣ್ಣ, ಸಣ್ಣ ದನಿಯಲ್ಲಿ.

ಯಲ್ಲಪ್ಪ ಓಡಿ ತಂಬಿಗೆ ತಂದುಕೊಟ್ಟ. ಭಾವಿ ಮಾವ ಭಾವಿ ಅಳಿಯನ ಕೈಯಿಂದ ತೆಗೆದುಕೊಂಡ ಮೊದಲ ಉಡುಗೊರೆ ಅದು. ತಮ್ಮಣ್ಣ ಬೇಲಿಯಾಚೆ ಹೋಗಿ ಬಂದ, ಕಟ್ಟೆಯ ಮೇಲೆ ಕೂತ, ಎದ್ದ, ಮತ್ತೆ ಹೋದ. ಊರ ಮಂದಿ ಒಮ್ಮೆ ಬೇಲಿಯ ಕಡೆ, ಒಮ್ಮೆ ಎತ್ತಿನ ಕಡೆ ನೋಡಿದರು. ಎತ್ತು ಕಲ್ಲಿನ ನಂದಿಯಂತೆ ನಿಂತಿತ್ತು.

"ಔಷಧ ಖರೇನ ಅದ," ಎಂದ ಒಬ್ಬ ಮುದುಕ. "ಆದ್ರ ಹತ್ತಬೇಕಾದವಗ ಹತ್ತಿಲ್ಲ."

ಜನರ ನಡುವಿನಿಂದ ಧೋಂಡಿಬಾ ಮುಂದೆ ಬಂದ. ಈತ ಜ್ಯೋತೆಪ್ಪನ ಪಕ್ಕದ ಮನೆಯವನು. ತನ್ನ ತಂಗಿಯ ಮಗಳನ್ನು ಯಲ್ಲಪ್ಪನಿಗೆ ತರಬೇಕೆಂದು ಎರಡು ವರ್ಷದಿಂದ ಆ ಮನೆಯ ಚಹಾ ಕುಡಿಯುತ್ತಿದ್ದವನು. ಮಿರಜಿನಿಂದ ಹೆಣ್ಣು ಬರುತ್ತದೆಂದಾಗಿನಿಂದ ಅವನಿಗೆ ಚಹಾ ಕಹಿಯಾಗಿತ್ತು.

"ಡಾಕ್ಟರ್ರ, ನಮ್ಮ ಕರಾ ಒಂದಸವನ ಹರಿಯಾಕತ್ತದ," ಎಂದ. "ನಿಮಗ ಆಗೇತಲ್ಲ, ಹಂಗ. ಅದನ್ನ ನಿಲ್ಲಸೂ ಔಷಧ ನಿಮ್ಮ ಹತ್ರ ಅದ ಏನು? ಇದ್ರ ಮಂದಿ ಮುಂದ ಕುಡದ ತೋರಸ್ರಿ. ಇಲ್ಲಂದ್ರ ಇಲ್ಲ ಅಂತ ಹೇಳಿಬಿಡ್ರಿ."

ಇದು ತಾನು ಹಾಸಿದ ಬಲೆಯೆಂದು ಧೋಂಡಿಬಾ ತಿಳಿದಿದ್ದ. ತಮ್ಮಣ್ಣನಿಗೆ ಅದು ದೇವರ ಪ್ರಸಾದದಂತೆ ಕೇಳಿಸಿತು. ಕರುಗಳ ಭೇದಿಗೆ ಸೀಮೆಸುಣ್ಣ, ಕಾಚು, ಸ್ವಲ್ಪ ಅಫೀಮು ಕೂಡಿದ ಕಂದು ನೀರಿನ ಬಾಟಲಿ ಬ್ಯಾಗಿನಲ್ಲಿದೆ ಎಂಬುದು ಇಷ್ಟು ಹೊತ್ತು ಅವನಿಗೆ ನೆನಪೇ ಆಗಿರಲಿಲ್ಲ. ಅವಸರದಲ್ಲಿ ಬಾಟಲಿ ತೆಗೆದ.

"ಪದ್ಧತಿ ಅಂದ್ರ ಪದ್ಧತಿ," ಎಂದ. "ಮೊದಲ ನಾ ಕುಡೀತೇನಿ."

ಒಂದು ಗೊಟ್ಟ ಕುಡಿದ. ಬೇಲಿಯ ಕಡೆ ಒಮ್ಮೆ ನೋಡಿದ. ಇನ್ನೊಂದು ಗೊಟ್ಟ ಹೊಯ್ದುಕೊಂಡ.

"ಒಂದ ಕುಡಿದ್ರ ಸಾಕು," ಎಂದ ಧೋಂಡಿಬಾ, ಅನುಮಾನದಿಂದ.

"ಕರಾ ಸಣ್ಣದು. ಅದರ ಪಾಲಿಂದು ನಾನ ಕುಡೀತೇನಿ. ಅದಕ್ಕ ನಾಕ ಚಮಚೆ ಸಾಕು."

ಮಾಯವ್ವ ಜನರ ಕಡೆ ತಿರುಗಿ, "ನೋಡ್ರಿ, ಡಾಕ್ಟರ ಅಂದ್ರ ಹಿಂಗಿರಬೇಕು. ಕರದ ಸಲುವಾಗಿ ತಾ ಕುಡ್ಯಾಕತ್ಯಾನ," ಎಂದಳು.

ತಂಬಿಗೆಯ ಓಡಾಟ ನಿಂತಿತು. ಆಮೇಲೆ ತಮ್ಮಣ್ಣನ ಮುಖದಲ್ಲಿ ಒಂದು ಶಾಂತಿ ಬಂತು. ಧೋಂಡಿಬಾನ ಭುಜದ ಮೇಲೆ ಕೈಯಿಟ್ಟು, ನೀವು ನನ್ನ ಕಾಕಾನ ಹಾಗೇ ಕಾಣುತ್ತೀರಿ ಎಂದ. ಎಮ್ಮೆಗೂ ಅದನ್ನೇ ಹೇಳಿದ. ಬೇವಿನ ಮರದ ಕಟ್ಟೆಯ ಮೇಲೆ ಕೂತ, ಒರಗಿದ, ಗೊರಕೆ ಹೊಡೆದ. ನಾಲ್ಕು ಚಮಚೆ ಕುಡಿದ ಕರುವೂ ಅವನ ಪಕ್ಕಕ್ಕೆ ಬಂದು, ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಧೋಂಡಿಬಾ ಬಗ್ಗಿ ಕರುವಿನ ಬಾಲ ಎತ್ತಿ ನೋಡಿದ. ಒಣಗಿತ್ತು. ಅವನ ಮುಖದ ಬಿಗಿ ಸಡಿಲಾಯಿತು. ಎಷ್ಟಾದರೂ ಕರು ಅವನದೇ.

ಸಂಜೆಯ ಸಣ್ಣ ರೈಲಿನಿಂದ ತಾತ್ಯಾಸಾಹೇಬರು ಇಳಿದು ಬಂದರು. ಮುಂಜಿವೆ ಮುಗಿಸಿ ಮಿರಜಿಗೆ ಬಂದರೆ ಬ್ಯಾಗಿಲ್ಲ, ಗೊಟ್ಟ ಹಿಡಿಯುವವನೂ ಇಲ್ಲ. ಮನೆಗೆ ಹೋಗಿ ಕೇಳಿದಾಗ ಸುಂದರಾಬಾಯಿ, ಸಲಗರೆಗೆ ಹೋಗಿದ್ದಾರೆ ಎಂದು ಅಭಿಮಾನದಿಂದಲೇ ಹೇಳಿದ್ದಳು. ಸಾಹೇಬರು ಸೋಲಾ ಹ್ಯಾಟಿನ ಕೆಳಗೆ ಕೆಂಪಗಾಗಿ ಜ್ಯೋತೆಪ್ಪನ ಅಂಗಳದಲ್ಲಿ ನಿಂತರು.

"ಮಾಝೀ ಬ್ಯಾಗ ಕುಠೇ ಆಹೇ? ನನ್ನ ಬ್ಯಾಗ ಎಲ್ಲಿ?"

"ಮೆಲ್ಲಕ ಮಾತಾಡ್ರಿ. ಡಾಕ್ಟರ ಮಲಗ್ಯಾರ," ಎಂದಳು ಮಾಯವ್ವ.

"ಡಾಕ್ಟರ ನಾನು."

"ಬಂದವರೆಲ್ಲ ಹಂಗ ಅಂತಾರ. ಹಂಗಾರ ನಮ್ಮ ಎತ್ತ ನೋಡ್ರಿ."

ಎತ್ತನ್ನು ಕಂಡರೆ ಸಾಹೇಬರಿಗೆ ಸಿಟ್ಟು ಮರೆತುಹೋಗುತ್ತಿತ್ತು. ಹೊಟ್ಟೆ ಮುಟ್ಟಿ ನೋಡಿದರು, ಕಿವಿಯಿಟ್ಟು ಕೇಳಿದರು, ಬೆಳಿಗ್ಗೆ ಏನು ಕೊಟ್ಟಿದ್ದೀರಿ ಎಂದು ವಿಚಾರಿಸಿದರು. ಕೊಟ್ಟದ್ದು ಸರಿಯಾಗಿಯೇ ಇದೆ, ಎತ್ತಿನ ಹೊಟ್ಟೆಗೆ ಔಷಧ ಹತ್ತಲು ಒಂದು ರಾತ್ರಿಯಾದರೂ ಬೇಕು, ಬೇಕಾದರೆ ಇನ್ನಷ್ಟು ಅಗಸೆ ಎಣ್ಣೆ ಕೊಡಬಹುದು ಎಂದರು. ಮಾಯವ್ವ ಗೊಟ್ಟದ ತುಂಬ ಎಣ್ಣೆ ಹಾಕಿ ಅವರ ಮುಂದೆ ಹಿಡಿದಳು.

"ಮೊದಲ ನೀವು."

"ನಾನು? ಇದು ಎತ್ತಿನ ಔಷಧ. ಮನುಷ್ಯಾ ಕುಡೀತಾನೇನು?"

"ನಮ್ಮ ಡಾಕ್ಟರ ಮುಂಜಾನಿಂದ ಅದನ್ನ ಕುಡ್ಯಾಕತ್ಯಾರ."

ಸಾಹೇಬರು ಗೊಟ್ಟವನ್ನು ನೋಡಿದರು, ಕರುವನ್ನು ತಬ್ಬಿ ಮಲಗಿದ್ದ ತಮ್ಮಣ್ಣನನ್ನು ನೋಡಿದರು. ಮುಂಬೈಯಲ್ಲಿ ಕಲಿತು ಪದವಿ ತಂದ ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. "ಮೀ ಪಿಣಾರ ನಾಹೀ. ಕುಡಿಯಂಗಿಲ್ಲ," ಎಂದರು.

ಅಲ್ಲಿಗೆ ಪಂಚಾಯ್ತಿ ಮುಗಿಯಿತು. ಕುಡಿದವನು ಡಾಕ್ಟರ, ಕುಡಿಯದವನು ಕಳ್ಳ. ಎಲ್ಲರಿಗಿಂತ ಜೋರಾಗಿ ಹೇಳಿದವನು ಧೋಂಡಿಬಾ. "ಆತ ನನ್ನ ಕಣ್ಣ ಮುಂದ ಎರಡ ಗೊಟ್ಟ ಕುಡದಾನ. ಈ ಟೊಪಗಿಯವ ಒಂದ ಗುಟಕಿಗೆ ಹೆದರತಾನ. ಬ್ಯಾಗ ಹೊಡಿಯಾಕ ಬಂದಾನ, ಹಿಡೀರಿ."

ಜ್ಯೋತೆಪ್ಪ ನಡುವೆ ಬಂದು ಸಾಹೇಬರನ್ನು ಮೆಲ್ಲಗೆ ಒಳಗೆ ಕರೆದುಕೊಂಡು ಹೋದ. ಚಹಾ ಮಾಡಿಸಿದ. ಒಳಗೆ ಸಾಹೇಬರು ಮರಾಠಿಯಲ್ಲಿ ಬಹಳ ಹೊತ್ತು ಮಾತಾಡಿದ್ದು ಹೊರಗಿನವರಿಗೆ ಕೇಳಿಸಿತು, ಜ್ಯೋತೆಪ್ಪ ಮಾತಾಡಿದ್ದು ಕೇಳಿಸಲಿಲ್ಲ. ಆಮೇಲೆ ಸಾಹೇಬರು ಬ್ಯಾಗು ಹಿಡಿದುಕೊಂಡು, ಯಲ್ಲಪ್ಪನ ಗಾಡಿಯಲ್ಲಿ ಸ್ಟೇಶನ್ನಿಗೆ ಹೋದರು. ಸಕ್ಕರೆ ಪುಡಾ ಗೂಡಿನಲ್ಲೇ ಇತ್ತು. ಜ್ಯೋತೆಪ್ಪ ತಮ್ಮಣ್ಣನ ಮೇಲೊಂದು ಕಂಬಳಿ ಹೊದಿಸಿದ.

ತಮ್ಮಣ್ಣನಿಗೆ ಎಚ್ಚರವಾದಾಗ ಬೆಳಗಾಗಿತ್ತು. ನಾಲಿಗೆ ಬಿದಿರಿನ ಗೊಟ್ಟದಂತಾಗಿತ್ತು. ಕೈ ಚಾಚಿದರೆ ಬ್ಯಾಗಿಲ್ಲ. ಪಕ್ಕದಲ್ಲಿ ಜ್ಯೋತೆಪ್ಪ ಒಬ್ಬನೇ ಕೂತಿದ್ದ.

"ನಿಮ್ಮ ಸಾಹೇಬರ ಬಂದಿದ್ರು," ಎಂದ ಜ್ಯೋತೆಪ್ಪ. "ಬ್ಯಾಗ ಒಯ್ದರು."

ಮೂರನೆಯ ಸಂಬಂಧವೂ ಹೋಯಿತು ಎಂದುಕೊಂಡ ತಮ್ಮಣ್ಣ. ಕುಂದಾಳಿಗೆ ಏನೆಂದು ಮುಖ ತೋರಿಸುವುದು ಎಂದು ಅವನಿಗೆ ಅಳು ಬಂತು. ಎದ್ದು ಕೂತು ನೇರವಾಗಿ ಹೇಳಿಬಿಟ್ಟ.

"ನಾ ಡಾಕ್ಟರ ಅಲ್ರಿ. ಗೊಟ್ಟ ಹಿಡಿಯಾಂವ."

"ಗೊತ್ತದರಿ."

"ಸಾಹೇಬರ ಹೇಳಿದ್ರ?"

"ಅವರ ಬರೂಕಿಂತ ಮೊದಲ ಗೊತ್ತಿತ್ತು. ಒಂದನೇ ಗೊಟ್ಟಕ್ಕ ತಿಳೀತು." ಜ್ಯೋತೆಪ್ಪ ಇಷ್ಟು ಮಾತಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಕ್ಕಿಲ್ಲ. "ಅದರಾಗ ಏನದ ಅಂತ ಡಾಕ್ಟರಗ ಗೊತ್ತಿರತದ. ಅವ ಯಾಕ ಕುಡೀತಾನರಿ? ನಿಮಗೂ ಗೊತ್ತಿತ್ತು, ಆದ್ರೂ ಕುಡಿದ್ರಿ. ಹೆಣ್ಣಿನ ಅಪ್ಪ ಆದಾಂವ ಅಷ್ಟ ಹಂಗ ಕುಡೀತಾನ."

ತಮ್ಮಣ್ಣ ಬಹಳ ಹೊತ್ತು ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ಅವನಿಗೆ ಒಂದು ವಿಚಾರ ಹೊಳೆಯಿತು.

"ಹಂಗಾರ ಒಂದನೇ ಗೊಟ್ಟಕ್ಕ ಸಾಕು ಅನಬೇಕಿತ್ತಲ್ರಿ."

"ಅನ್ನಾಂವ ಇದ್ದೆ. ಅಷ್ಟರಾಗ ಎಮ್ಮಿ ಬಂತು," ಎಂದ ಜ್ಯೋತೆಪ್ಪ. "ಮತ್ತ ಸಾಹೇಬರ ಒಂದ ಮಾತ ಹೇಳ್ಯಾರ. ನೌಕರಿ ಹೋಗಂಗಿಲ್ಲಂತ. ಇನ್ನ ಮ್ಯಾಲ ಹಳ್ಳಿಗೆ ಹೊಂಟಾಗೆಲ್ಲ ನಿಮ್ಮನ್ನ ಸಂಗಾಟ ಕರಕೊಂಡ ಹೋಗ್ತಾರಂತ. ಕುಡಿಯಾಕ ಒಬ್ಬ ಬೇಕಲ್ಲ ಅಂದ್ರು."

ಅಷ್ಟರಲ್ಲಿ ಕೊಟ್ಟಿಗೆಯಿಂದ ದಬದಬನೆ ಸದ್ದಾಯಿತು. ಸರದಾರ ರಜೆ ಮುಗಿಸಿ ಕೆಲಸಕ್ಕೆ ಹಾಜರಾಗಿದ್ದ. ಯಲ್ಲಪ್ಪ ಬುಟ್ಟಿ ಹಿಡಿದುಕೊಂಡು ಓಡಿದ. ಇಡೀ ಮನೆ ಹಬ್ಬ ಬಂದಂತೆ ಆ ಸೆಗಣಿಯ ಸುತ್ತ ನಿಂತಿತು. ಬೇಲಿಯಾಚೆಯಿಂದ ಧೋಂಡಿಬಾ, ನಮ್ಮ ಡಾಕ್ಟರ ಮೊದಲೇ ಹೇಳಿದ್ದರು ಎಂದು ಎಲ್ಲರಿಗೂ ಹೇಳುತ್ತಿದ್ದ.

ಮಾಯವ್ವ ನಗುತ್ತ ಕಟ್ಟೆಗೆ ಬಂದಳು. ಕೈಯಲ್ಲಿ ತಂಬಿಗೆ ತುಂಬ ಇಂಗು ಉಪ್ಪು ಹಾಕಿದ ಮಜ್ಜಿಗೆ.

"ಕುಡೀರಿ ಡಾಕ್ಟರ್ರ, ಹೊಟ್ಟಿ ತಣ್ಣಗಾಗ್ತದ."

ತಮ್ಮಣ್ಣ ತಂಬಿಗೆಯನ್ನು ನೋಡಿದ. ಮಾಯವ್ವನನ್ನು ನೋಡಿದ. ಹುಡುಗಿಯ ಅಪ್ಪನಾಗಿ ಅವನು ಬಾಗಿದ ತಲೆ ಎತ್ತದೆ ಕಳೆದ ದಿನಗಳು ಬಹಳವಾಗಿದ್ದವು. ಈಗ ಬೆನ್ನು ನೆಟ್ಟಗೆ ಮಾಡಿ ಕೂತು, ತಂಬಿಗೆಯನ್ನು ಎರಡೂ ಕೈಯಿಂದ ಮೆಲ್ಲಗೆ ಆಕೆಯ ಕಡೆಗೇ ತಳ್ಳಿದ.

"ಮೊದಲ ನೀವು ಕುಡೀರಿ, ಅವ್ವ."

ಮಾಯವ್ವ ಒಂದು ಕ್ಷಣ ದುರುಗುಟ್ಟಿ ನೋಡಿದಳು. ಆಮೇಲೆ ತಂಬಿಗೆ ಎತ್ತಿ ಗಟಗಟ ಅರ್ಧ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಉಳಿದರ್ಧವನ್ನು ಅವನ ಕೈಗಿಟ್ಟಳು.

"ಯಲ್ಲಪ್ಪಾ," ಎಂದು ಕೂಗಿದಳು, "ಆ ಗೂಡನ್ಯಾಗಿನ ಸಕ್ರಿ ಪುಡಾ ತಾರೋ. ಬೀಗರು ನಮ್ಮ ಮನಿ ಪದ್ಧತಿ ಕಲತ್ರು."